ಎರಡನೇ ಆಟದ ವಿಮರ್ಶೆ ಒಂದನೇ ಆಟದಿಂದ ಶುರು

ಯಂತ್ರಮೃಗಗಳನ್ನು ಬಿಲ್ಲು-ಬಾಣದಿಂದ ಬೇಟೆಯಾಡುವ ವಿಡಿಯೊ ಗೇಮ್ ಹೊರೈಜನ್ ಫರ್ಬಿಡನ್ ವೆಸ್ಟ್‌ನ ವಿಮರ್ಶೆಗೆಂದು ನಾನು ಮೊದಲು ಇನ್‌ಸ್ಟಾಲ್ ಮಾಡಿದ್ದು ಆ ಆಟವನ್ನಲ್ಲ, ಅದರ ಹಿಂದಿನ ಝೀರೋ ಡಾನ್ ಅನ್ನು. ಝೀರೋ ಡಾನ್ 2017ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂತು, 2020ರಲ್ಲಿ ಪಿಸಿಗೆ. ಫರ್ಬಿಡನ್ ವೆಸ್ಟ್ ಪ್ಲೇಸ್ಟೇಷನ್‌ಗೆ ಬಂದದ್ದು 2022ರ ಫೆಬ್ರವರಿ 18ಕ್ಕೆ, ಪಿಸಿಗೆ 2024ರ ಮಾರ್ಚ್ 21ಕ್ಕೆ. ಎರಡೂ ಆಮ್‌ಸ್ಟರ್‌ಡ್ಯಾಮಿನ ಗೆರಿಲ್ಲಾ ಕಂಪನಿಯವು. ಮೊದಲನೆಯದನ್ನು ಯಾವಾಗಲೋ ಮುಗಿಸಿದ್ದೇನಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನೆನಪಿನಲ್ಲಿ ಉಳಿಯುವುದು ಕಥೆ ಮತ್ತು ಗುಡ್ಡದ ತುದಿಯಿಂದ ಕಂಡ ನೋಟ. ಹೆದೆ ಎಳೆದು ಬಾಣ ಬಿಡಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಮೆನುವಿಗೆ ಎಷ್ಟು ಸಲ ಹೋಗಿ ಬರಬೇಕಿತ್ತು ಎಂಬುದೆಲ್ಲ ಕೈಗೆ ಮರೆತುಹೋಗಿರುತ್ತದೆ. ಮುಂದುವರಿದ ಭಾಗದಲ್ಲಿ ಬದಲಾಗುವುದು ಹೆಚ್ಚಾಗಿ ಅಂಥ ಸಂಗತಿಗಳೇ.

ಹಳೆಯ ಆಟಕ್ಕೆ 4 ಗಂಟೆ ಸಾಕು. ನಡುವಿನ ಒಂದು ಸೇವ್ (ಆಟ ನಿಲ್ಲಿಸಿದ ಜಾಗದ ದಾಖಲೆ) ತೆರೆದು ನಾಲ್ಕು ಕೆಲಸ ಮಾಡುತ್ತೇನೆ: ಒಂದು ಬಂಡೆ ಹತ್ತುವುದು, ಒಂದು ಊರಿನಲ್ಲಿ ಕೊಡು-ಕೊಳ್ಳುವ ವ್ಯವಹಾರ ಮುಗಿಸುವುದು, ಟಾಲ್‌ನೆಕ್ ಎಂಬ ಎತ್ತರದ ಯಂತ್ರ ಒಂದನ್ನು ಏರುವುದು, ಒಂದು ಥಂಡರ್‌ಜಾ ಜೊತೆ ಕಾದಾಡುವುದು. ಈ ನಾಲ್ಕನ್ನು ಆರಿಸಿದ್ದು ಎರಡೂ ಆಟಗಳಲ್ಲಿ ಇವು ಇರುವುದರಿಂದ. ಥಂಡರ್‌ಜಾ ಎರಡರಲ್ಲೂ ಅದೇ ಡೈನೋಸಾರ್ ಮೈಕಟ್ಟಿನ ಯಂತ್ರ. ಅದರ ಮೈಮೇಲಿನ ಡಿಸ್ಕ್ ಲಾಂಚರ್ ಎಂಬ ಆಯುಧ ಉದುರಿಸಿ, ಎತ್ತಿಕೊಂಡು, ಅದಕ್ಕೇ ತಿರುಗಿಸಿ ಹೊಡೆಯುವ ಉಪಾಯವೂ ಎರಡರಲ್ಲೂ ಇದೆ. ಶತ್ರು ಒಂದೇ ಆಗಿರುವುದರಿಂದ, ಉಳಿದದ್ದರಲ್ಲಿ ಏನು ಬದಲಾಯಿತು ಎಂದು ಕೈಗೇ ತಿಳಿಯುತ್ತದೆ.

ನೋಟ್‌ಬುಕ್ಕಿನ ಪುಟಕ್ಕೆ ಮೂರು ಕಾಲಂ ಎಳೆಯುತ್ತೇನೆ: ಹಾಗೇ ಇದೆ, ಬದಲಾಗಿದೆ, ಹೋಗಿದೆ. ಮೂರನೆಯದನ್ನೇ ಎಲ್ಲರೂ ಮರೆಯುವುದು, ಏಕೆಂದರೆ ಕಂಪನಿಯ ಜಾಹೀರಾತು ಸೇರಿಸಿದ್ದನ್ನು ಹೇಳುತ್ತದೆ, ತೆಗೆದದ್ದನ್ನು ಹೇಳುವುದಿಲ್ಲ. ನಡುವಿನ ಕಾಲಂನಲ್ಲಿ ನನಗೆ ಸಿಕ್ಕಿದ್ದು ಹೀಗಿದೆ. ಆಯುಧ ಆರಿಸುವ ಚಕ್ರದಲ್ಲಿ 4 ಇದ್ದ ಜಾಗ 6 ಆಗಿದೆ. ಚೀಲ ತುಂಬಿದರೆ ಸಾಮಾನು ಬಿಸಾಕಬೇಕಿತ್ತು, ಈಗ ಹೆಚ್ಚಾದದ್ದು ತಾನಾಗಿ ಊರಿನ ಪೆಟ್ಟಿಗೆ ಸೇರುತ್ತದೆ. ಮೊದಲು ಹೆಚ್ಚಾಗಿ ನೀರಿನ ಮೇಲ್ಭಾಗದಲ್ಲೇ ಈಜಬೇಕಿತ್ತು, ಈಗ ಆಳಕ್ಕೆ ಮುಳುಗಬಹುದು. ಎತ್ತರದಿಂದ ಜಿಗಿದರೆ ಶೀಲ್ಡ್‌ವಿಂಗ್ ಬಿಚ್ಚಿ ತೇಲಬಹುದು. ಭರ್ಜಿಯಿಂದ ಹೊಡೆದಷ್ಟೂ ಅದರಲ್ಲಿ ಶಕ್ತಿ ತುಂಬಿ, ಅದನ್ನು ಶತ್ರುವಿನ ಮೈಗೆ ಅಂಟಿಸಿ, ಆ ಗುರುತಿಗೆ ಬಾಣ ಬಿಟ್ಟು ಸಿಡಿಸಬಹುದು. ಈ ಒಂದು ಬದಲಾವಣೆಯಿಂದ ಹತ್ತಿರದ ಜಗಳ ಮತ್ತು ದೂರದ ಬೇಟೆ ಒಂದೇ ಆಟವಾಗಿವೆ. ಝೀರೋ ಡಾನ್‌ನಲ್ಲಿ ಅವೆರಡೂ ಬೇರೆ ಬೇರೆ ಅಂಗಡಿಗಳಾಗಿದ್ದವು.

ಆದರೆ ನಾನು ಹೆಚ್ಚು ಅಂಕ ಕೊಡುವುದು ಟಾಲ್‌ನೆಕ್‌ಗೆ. ಜಿರಾಫೆಯಂಥ ಆ ನಡೆದಾಡುವ ಯಂತ್ರದ ನೆತ್ತಿ ಏರಿದರೆ ಸುತ್ತಲಿನ ನಕ್ಷೆ ತೆರೆಯುತ್ತದೆ. ಹಳೆಯ ಆಟದಲ್ಲಿ ಬಹುಪಾಲು ಒಂದೇ ಲೆಕ್ಕ: ಎತ್ತರದ ಜಾಗ ಹುಡುಕು, ಕಾಯು, ಜಿಗಿ. ಹೊಸದರಲ್ಲಿ ಒಂದೊಂದೂ ಒಂದೊಂದು ಒಗಟು. ಹಿಮದ ನಡುವೆ ಬಿದ್ದಿರುವ ಒಂದನ್ನು ಮೊದಲು ಎಬ್ಬಿಸಬೇಕು. ಕೆಲಸ ಹಳೆಯದು, ಕೇಳುವ ಪ್ರಶ್ನೆ ಹೊಸದು. ಮುಂದುವರಿದ ಭಾಗ ಮಾಡಬೇಕಾದದ್ದು ಇದನ್ನೇ. ನಕ್ಷೆ ದೊಡ್ಡದಾಗಿದೆ ಎಂಬುದನ್ನು ನಾನು ಎರಡು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ.

ಕಷ್ಟದ ಮಟ್ಟವನ್ನು ಎರಡೂ ಆಟದಲ್ಲಿ ನಾರ್ಮಲ್‌ಗೆ ಇಟ್ಟು, ಮೊದಲ 10 ಗಂಟೆ ಮುಟ್ಟುವುದಿಲ್ಲ. ಫರ್ಬಿಡನ್ ವೆಸ್ಟ್‌ನ ಕಸ್ಟಮ್ ಮಟ್ಟದಲ್ಲಿ ಈಸಿ ಲೂಟ್ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಯಂತ್ರ ಸತ್ತ ಮೇಲೂ ಅದರ ಬಿಡಿಭಾಗ ಕೆಡದೆ ಉಳಿಯುತ್ತದೆ. ವಿಮರ್ಶಕರು ಕೆಡುವುದು ಇಲ್ಲಿಯೇ. ಆಯುಧವನ್ನು ವರ್ಕ್‌ಬೆಂಚ್‌ನಲ್ಲಿ ಮೇಲೇರಿಸಲು ಇಂಥ ಯಂತ್ರದ ಇಂಥದೇ ಭಾಗ ಬೇಕು. ಬಾಲ ಬೇಕಾದರೆ, ಯಂತ್ರಕ್ಕೆ ಜೀವ ಇರುವಾಗಲೇ ಬಾಲ ಕತ್ತರಿಸಿ ಉದುರಿಸಬೇಕು. ಅವಸರದಲ್ಲಿ ಕೊಂದರೆ ಬಾಲ ಹೋಯಿತು, ಇನ್ನೊಂದನ್ನು ಹುಡುಕಿಕೊಂಡು ಹೊರಡಬೇಕು. ಆಟದ ಅತಿ ಒಳ್ಳೆಯ ಗುಣವೂ ಇದೇ, 30 ಗಂಟೆ ದಾಟಿದ ಮೇಲೆ ಬೇಸರ ತರಿಸುವುದೂ ಇದೇ. ಈಸಿ ಲೂಟ್ ಹಾಕಿಕೊಂಡು ಆಡಿ ‘ಅಪ್‌ಗ್ರೇಡ್ ಸಲೀಸು’ ಎಂದು ಬರೆದರೆ ಓದುಗನಿಗೆ ಮೋಸ. ಮೌಸ್‌ನಲ್ಲಿ ಗುರಿಯಿಟ್ಟರೆ ಈ ಬಾಲ ಕತ್ತರಿಸುವ ಕೆಲಸ ಕಂಟ್ರೋಲರ್‌ಗಿಂತ ಎಷ್ಟೋ ಹಗುರ. ಆದ್ದರಿಂದ ಒಂದೇ ಬೇಟೆಯನ್ನು ಎರಡರಲ್ಲೂ ಆಡಿ, ಯಾವುದರಲ್ಲಿ ಆಡಿದೆ ಎಂದು ಬರೆಯಲೇಬೇಕು.

5 ನಿಮಿಷಕ್ಕೊಮ್ಮೆ ಮೊಬೈಲ್ ಟೈಮರ್ ಗುಂಯ್‌ಗುಟ್ಟಿದಾಗ ಕೈ ಏನು ಮಾಡುತ್ತಿತ್ತೋ ಅದನ್ನು ಒಂದೇ ಅಕ್ಷರದಲ್ಲಿ ಗುರುತು ಹಾಕುತ್ತೇನೆ: ಜಗಳಕ್ಕೆ ಜ, ಹತ್ತುವುದಕ್ಕೆ ಹ, ಮಾತಿಗೆ ಮಾ, ನಡಿಗೆಗೆ ನ, ಮೆನುವಿಗೆ ಮೆ. ಗಂಟೆಗೆ 12 ಗುರುತು, 10 ಗಂಟೆಗೆ 120. ‘ಮಾತು ಜಾಸ್ತಿ’ ಎಂದು ಅನ್ನಿಸುವುದು ಬೇರೆ, 120ರಲ್ಲಿ ಇಷ್ಟು ಎಂದು ಎಣಿಸಿ ಹೇಳುವುದು ಬೇರೆ. ಎಷ್ಟೋ ಸಲ ಅನ್ನಿಸಿದ್ದೇ ತಪ್ಪಾಗಿರುತ್ತದೆ. ಮೆ ಗುರುತು ಲೆಕ್ಕಕ್ಕೆ ಸಿಕ್ಕಾಗ ಮಾತ್ರ ಬೇಸರದ ಮೂಲ ಗೊತ್ತಾಗುತ್ತದೆ.

ಇನ್ನು ಲ್ಯಾಗ್, ಅಂದರೆ ಆಟ ತಡವರಿಸುವುದು. ‘ಅಣ್ಣಾ, ನನ್ ಲ್ಯಾಪ್‌ಟಾಪ್ನಾಗ ಲ್ಯಾಗ್ ಹೊಡಿತೈತಿ’ ಎಂಬುದು ದಾವಣಗೆರೆಯ ಯಾವ ಹಾಸ್ಟೆಲ್‌ನಲ್ಲೂ ಕೇಳುವ ಮಾತು. ಆ ಒಂದು ಪದದೊಳಗೆ ನಾಲ್ಕು ಬೇರೆ ಕಾಯಿಲೆಗಳಿವೆ, ನಾಲ್ಕಕ್ಕೂ ಮದ್ದು ಬೇರೆ. ವಿಮರ್ಶೆಯಲ್ಲಿ ಇವನ್ನು ಬಿಡಿಸಿ ಹೇಳದಿದ್ದರೆ ತಾಂತ್ರಿಕ ಭಾಗ ಬರೆದೂ ಉಪಯೋಗವಿಲ್ಲ.

ಒಂದು, ಒಟ್ಟಾರೆ ಫ್ರೇಮ್ (ಪರದೆಗೆ ಒಂದರ ಹಿಂದೊಂದು ಬರುವ ಚಿತ್ರ) ಕಡಿಮೆ. ಸೆಕೆಂಡಿಗೆ 60 ಎಂದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್, 30 ಎಂದರೆ 33.3. ಸೆಟ್ಟಿಂಗ್ ಇಳಿಸಿದರೆ ಇದು ಸರಿಹೋಗುತ್ತದೆ.

ಎರಡು, ಜರ್ಕ್. ಸರಾಸರಿ ಚೆನ್ನಾಗಿರುತ್ತದೆ, ಆದರೆ ನಡುನಡುವೆ ತಡೆದು ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ: 60 ಸೆಕೆಂಡಿನ ಅಳತೆಯ ಓಟದಲ್ಲಿ 20 ಫ್ರೇಮ್‌ಗಳು ಮಾತ್ರ 100 ಮಿಲಿಸೆಕೆಂಡ್ ತೆಗೆದುಕೊಂಡು, ಉಳಿದವೆಲ್ಲ 16.7ರಲ್ಲಿ ಮುಗಿದರೆ ಒಟ್ಟು ಸುಮಾರು 3,500 ಫ್ರೇಮ್, ಸರಾಸರಿ 58. ಕಾಗದದ ಮೇಲೆ ಭೇಷ್, ಕಣ್ಣಿಗೆ ನಿಮಿಷಕ್ಕೆ 20 ಏಟು. ಇದಕ್ಕೇ 1 ಪರ್ಸೆಂಟ್ ಲೋ, ಅಂದರೆ ಅತಿ ನಿಧಾನದ 1 ಪರ್ಸೆಂಟ್ ಫ್ರೇಮ್‌ಗಳ ಲೆಕ್ಕ ನೋಡುವುದು. ಅದರಲ್ಲೂ ಒಂದು ಗುಂಡಿ ಇದೆ. 3,500ರ 1 ಪರ್ಸೆಂಟ್ ಅಂದರೆ 35 ಫ್ರೇಮ್. ಸಾಫ್ಟ್‌ವೇರ್ ಆ 35ನೆಯ ಕೆಟ್ಟ ಫ್ರೇಮನ್ನು ಮಾತ್ರ ತೋರಿಸಿದರೆ ಅದು 16.7, ಏಟು ಬಿದ್ದದ್ದೇ ಕಾಣುವುದಿಲ್ಲ. ಆ 35ರ ಸರಾಸರಿ ತೆಗೆದರೆ 64 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 16 ಫ್ರೇಮ್‌ನ ಹತ್ತಿರ. ಒಂದೇ ಓಟ, ಒಂದೇ ಹೆಸರು, ಎರಡು ಲೆಕ್ಕ. ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಅಳೆಯುವ ಸಾಫ್ಟ್‌ವೇರ್‌ನಲ್ಲಿ ಎರಡೂ ಬೇರೆ ಬೇರೆಯಾಗಿ ಸಿಗುತ್ತವೆ. ನಾನು ಸರಾಸರಿಯದನ್ನು ಬರೆದು, ಜೊತೆಗೆ ಫ್ರೇಮ್‌ಟೈಮ್ ಗ್ರಾಫ್ ಹಾಕುತ್ತೇನೆ. ಜರ್ಕ್‌ಗೆ ಕಾರಣ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬುವುದು, ರ‍್ಯಾಮ್ ಸಾಲದಿರುವುದು, ಆಟವನ್ನು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿರುವುದು, ಇಲ್ಲವೇ ಶೇಡರ್‌ಗಳು (ಬಣ್ಣ-ಬೆಳಕಿನ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳು) ಆಟದ ನಡುವೆ ತಯಾರಾಗುವುದು.

ಮೂರು, ಕಾವು. ಮೊದಲ 15 ನಿಮಿಷ ಸೊಗಸು, ಆಮೇಲೆ ಕುಸಿತ. ಲ್ಯಾಪ್‌ಟಾಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಎಸಿ ಕೋಣೆಯಲ್ಲಿ ಮಾಡಿದ ಪರೀಕ್ಷೆ ನಮ್ಮ ಬೇಸಿಗೆಗೆ ಆಗಿಬರುವುದಿಲ್ಲ. ಏಪ್ರಿಲ್‌ನಲ್ಲಾದರೆ ಬೆಳಿಗ್ಗೆ 6ಕ್ಕೊಮ್ಮೆ, ಮಧ್ಯಾಹ್ನ 2ಕ್ಕೊಮ್ಮೆ ಅದೇ ಓಟ ಓಡಿಸಿ ಎರಡೂ ಅಂಕಿ ಕೊಡುತ್ತೇನೆ, ಕೋಣೆಯ ಉಷ್ಣಾಂಶದ ಸಮೇತ. ಹಿಂಬದಿಯ ಎರಡು ಮೂಲೆಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರೂ ಗಾಳಿಗೆ ದಾರಿಯಾಗುತ್ತದೆ. ಹಾಸಿಗೆ ಮೇಲಿಟ್ಟು ಅಳೆದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ನಾಲ್ಕು, ಒತ್ತಿದ್ದಕ್ಕೂ ಆದದ್ದಕ್ಕೂ ನಡುವಿನ ತಡ. ಟಿವಿಗೆ ಜೋಡಿಸಿದವರು ಗೇಮ್ ಮೋಡ್ ಹಾಕದಿದ್ದರೆ ಇದು ಖಾತ್ರಿ. ಫ್ರೇಮ್ ಜನರೇಷನ್ (ನಿಜ ಫ್ರೇಮ್‌ಗಳ ನಡುವೆ ಕೃತಕ ಫ್ರೇಮ್ ಸೇರಿಸುವ ಆಯ್ಕೆ) ಹಾಕಿದಾಗ ಪರದೆಯ ಮೂಲೆಯ ಫ್ರೇಮ್ ಅಂಕಿ ಏರುತ್ತದೆ, ಆದರೆ ಕೈಯ ತಡ ಇಳಿಯುವುದಿಲ್ಲ. ನಡುವೆ ತುರುಕಿದ ಫ್ರೇಮ್‌ಗೆ ನಿಮ್ಮ ಬಟನ್ ಗೊತ್ತಿಲ್ಲ. ಇನ್ನು ನಿಜವಾದ ನೆಟ್‌ವರ್ಕ್ ಲ್ಯಾಗ್ ಈ ಆಟದಲ್ಲಿ ಬರಲು ದಾರಿಯೇ ಇಲ್ಲ, ಇದು ಒಬ್ಬರೇ ಆಡುವ ಆಟ. ಇಂಟರ್ನೆಟ್ ಪ್ಲಾನ್ ಹೆಚ್ಚಿಸಿ ಪ್ರಯೋಜನವಿಲ್ಲ.

ಅಳೆಯುವ ದಾರಿ ಯಾವಾಗಲೂ ಒಂದೇ ಇರಬೇಕು. ಮೊದಲ ದೊಡ್ಡ ಊರು ಚೈನ್‌ಸ್ಕ್ರೇಪ್‌ನ ಹೊರಗಿನ ಬೆಂಕಿಗೂಡಿನಲ್ಲಿ ಸೇವ್ ಮಾಡಿ, ಅಲ್ಲಿಂದ ಸಂತೆಯ ತನಕ 60 ಸೆಕೆಂಡು ನಡೆಯುತ್ತೇನೆ. ಪ್ರತಿ ಸಲ ಅದೇ ಸೇವ್ ತೆರೆದು ಮೂರು ಓಟ. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ. ಎರಡನೇ ದಾರಿ ಪ್ಲೇನ್‌ಸಾಂಗ್, ಹಳೆಯ ಡಿಶ್ ಆಂಟೆನಾಗಳ ಮೇಲೆ ಕಟ್ಟಿದ, ಸೊಪ್ಪುಸದೆ ದಟ್ಟವಾಗಿರುವ ಊರು. ವಿಡಿಯೊ ರೆಕಾರ್ಡ್ ಮಾಡುತ್ತ ಅಳೆಯಬಾರದು, ರೆಕಾರ್ಡಿಂಗ್ ತನ್ನ ಪಾಲು ತಿನ್ನುತ್ತದೆ. ರೆಕಾರ್ಡಿಂಗ್ ಬೇರೆ ಓಟದಲ್ಲಿ ಮಾಡಿ: ಸೆಕೆಂಡಿಗೆ 12 ಮೆಗಾಬಿಟ್‌ನಂತೆ ಗಂಟೆಗೆ 5.4 ಜಿಬಿ ಜಾಗ ಬೇಕು.

ಕಂಪನಿ ಹೇಳುವ ಕನಿಷ್ಠ ಯಂತ್ರ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್‌ನಲ್ಲಿ 150 ಜಿಬಿ. ಅದೂ 720ಪಿ ಸ್ಪಷ್ಟತೆಯಲ್ಲಿ, ಸೆಕೆಂಡಿಗೆ 30 ಫ್ರೇಮ್‌ಗೆ. 1080ಪಿ, 60 ಬೇಕಾದರೆ ಆರ್‌ಟಿಎಕ್ಸ್ 3060. ನನ್ನ ಓದುಗರಲ್ಲಿ ಕಾಲೇಜು ಹುಡುಗರೇ ಹೆಚ್ಚು. ಅವರ ಲ್ಯಾಪ್‌ಟಾಪ್‌ನಲ್ಲಿ 1650 ಇರುತ್ತದೆ, ರ‍್ಯಾಮ್ 8 ಜಿಬಿ. ಅಂಥವರಿಗೆ ಮೊದಲ ಮಾತು: ಆಟ ಕೊಳ್ಳುವ ಮೊದಲು ಇನ್ನೊಂದು 8 ಜಿಬಿ ಹಾಕಿಸಿ. ಹಾಗಾಗಿ ವಿಮರ್ಶೆಯನ್ನು 3060ರಲ್ಲಿ ಆಡಿದರೂ ಒಂದು ದಿನ 1650 ಇರುವ ಲ್ಯಾಪ್‌ಟಾಪ್ ಎರವಲು ತಂದು ಅದೇ 60 ಸೆಕೆಂಡು ಓಡಿಸುತ್ತೇನೆ.

150 ಜಿಬಿ ಇಳಿಸಲು 100 ಮೆಗಾಬಿಟ್ ಲೈನಿನಲ್ಲಿ, ಪೂರ್ತಿ ವೇಗ ಸಿಕ್ಕರೂ, 3 ಗಂಟೆ 20 ನಿಮಿಷ. 40ರಲ್ಲಿ 8 ಗಂಟೆಗೂ ಮೇಲೆ. ರಾತ್ರಿ ಹಾಕಿ ಮಲಗುವುದೇ ಸರಿ. ಕರೆಂಟ್ ಹೋದರೂ, ಬಂದ ಮೇಲೆ ಡೌನ್‌ಲೋಡ್ ನಿಂತಲ್ಲಿಂದ ಮುಂದುವರಿಯುತ್ತದೆ, ಆದರೆ ಸೇವ್ ಬರೆಯುತ್ತಿರುವಾಗ ಹೋದರೆ ಸೇವ್ ಕೆಡಬಹುದು. ಮನೆಯ ಇನ್ವರ್ಟರ್ ಇದೆಯಲ್ಲ ಎನ್ನುವವರು ಅದರ ಹಿಂದಿನ ಸ್ವಿಚ್ ನೋಡಬೇಕು. ಪಿಸಿಯ ಪವರ್ ಸಪ್ಲೈ ಕರೆಂಟಿಲ್ಲದೆ ತಾಳುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡ್‌ಗೆ ತಿರುಗಿಸಿ, ಸೇವ್ ಫೋಲ್ಡರನ್ನು ದಿನಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಿಡಿ. 20 ಗಂಟೆಯ ಸೇವ್ ಹೋದರೆ ವಿಮರ್ಶೆಯೂ ಹೋದಂತೆ.

ಹತ್ತುವುದು ಮತ್ತು ಜಾಗದ ವಿನ್ಯಾಸ ಅಳೆಯಲು ನಮಗೆ ಒಂದು ಅನುಕೂಲ ಇದೆ: ದಾವಣಗೆರೆಯಿಂದ 60 ಕಿಲೋಮೀಟರ್ ದೂರದಲ್ಲಿ ಚಿತ್ರದುರ್ಗದ ಕೋಟೆ. ಅಲ್ಲಿ ಒಂದು ಬಾಗಿಲಲ್ಲಿ ನಿಂತರೆ ಮುಂದಿನ ಬಾಗಿಲು ಕಾಣದು. ದಾರಿ ಹಾವಿನಂತೆ ತಿರುಗುತ್ತದೆ, ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗದ ಹಾಗೆ. ಆದರೂ ನಡೆಯುವವನು ದಾರಿ ತಪ್ಪುವುದಿಲ್ಲ, ಗೋಡೆಯೇ ಮೈಯನ್ನು ತಿರುಗಿಸುತ್ತದೆ. ಆಟದಲ್ಲಿ ಗುರುತಿನ ಬಾಣವನ್ನು ಆಫ್ ಮಾಡಿ, ಒಂದು ಹಾಳು ಕಟ್ಟಡದಲ್ಲಿ ಹೀಗೆ ದಾರಿ ತಿಳಿಯುತ್ತದೆಯೇ ನೋಡುತ್ತೇನೆ. ಫರ್ಬಿಡನ್ ವೆಸ್ಟ್ ಹೊರಗಿನ ಬಂಡೆಗಳಲ್ಲಿ ಸೋಲುತ್ತದೆ: ಫೋಕಸ್ (ನಾಯಕಿಯ ಕಿವಿಯ ಬಳಿಯ ಸ್ಕ್ಯಾನರ್) ಒತ್ತಿದರೆ ಹಿಡಿಗಳು ಹಳದಿ ಗೆರೆಯಾಗಿ ಕಾಣುತ್ತವೆ, ಒತ್ತದಿದ್ದರೆ ಯಾವುದಕ್ಕೆ ಕೈ ಹತ್ತುತ್ತದೆ, ಯಾವುದಕ್ಕೆ ಇಲ್ಲ ಎಂದು ಕಲ್ಲು ನೋಡಿ ತಿಳಿಯದು. ಇನ್ನು ಎಷ್ಟೋ ಆಟಗಳಲ್ಲಿ ನಾಯಕಿ ಬಂಡೆಯ ಸಂದಿಯಲ್ಲಿ ಅಡ್ಡಡ್ಡ ನುಸುಳುತ್ತ ಅರ್ಧ ನಿಮಿಷ ಕಳೆಯುತ್ತಾಳಲ್ಲ, ಆ ಓಬವ್ವನ ಕಿಂಡಿಗಳ ಹಿಂದೆ ಇರುವುದು ಬಹಳ ಸಲ ಕಥೆಯಲ್ಲ, ಲೋಡಿಂಗ್. ಎಸ್‌ಎಸ್‌ಡಿ ಕಡ್ಡಾಯ ಮಾಡಿದ ಆಟದಲ್ಲೂ ಅಂಥ ಕಿಂಡಿ ಕಂಡರೆ ಸಮಯ ಬರೆದಿಡಿ.

ಕಥೆಯ ವಿಷಯದಲ್ಲಿ ಗುಟ್ಟು ಎಷ್ಟು ಬಿಡಬೇಕು? ಮೊದಲ ಆಟದ ಕೊನೆಯನ್ನು ಹೇಳದೆ ಎರಡನೆಯದನ್ನು ವಿವರಿಸಲಾಗದು, ಆದ್ದರಿಂದ ಅದನ್ನು ಮೊದಲ ಸಾಲಿನಲ್ಲೇ ಎಚ್ಚರಿಸಿ ಹೇಳುತ್ತೇನೆ. ಹೊಸದರಲ್ಲಿ ಮೊದಲ 5 ಗಂಟೆಯಾಚೆಯದನ್ನು ಮುಟ್ಟುವುದಿಲ್ಲ. ಅಷ್ಟರಲ್ಲೇ ಮುಖ್ಯ ತೊಡಕು ಕಾಣುತ್ತದೆ. ಝೀರೋ ಡಾನ್‌ನ ಬೆನ್ನೆಲುಬು ಒಂದೇ ಪ್ರಶ್ನೆ: ಹಳೆಯ ಲೋಕ ಹೇಗೆ ಮುಳುಗಿತು? ಉತ್ತರ ಸಿಕ್ಕಾಗಿದೆ. ನಾಯಕಿ ಅಲಾಯ್‌ಗೆ ಈಗ ಉಳಿದಿರುವುದು ಕೆಲಸ, ಹುಡುಕಾಟವಲ್ಲ. ಪಕ್ಕದ ಕಥೆಗಳು ಆ ಖಾಲಿಯನ್ನು ತುಂಬುತ್ತವೆ, ಮುಖ್ಯ ಕಥೆ ತುಂಬುವುದಿಲ್ಲ. ಮೆಷಿನ್ ಸ್ಟ್ರೈಕ್ ಎಂಬ ಮಣೆಯಾಟ ಕೂಡ ಒಳಗಿದೆ. ಹುಲಿ-ಕುರಿ ಆಡಿದವರಿಗೆ ಬೇಗ ಹಿಡಿಯುತ್ತದೆ, ಆದರೆ ಇಲ್ಲಿ ಕಾಯಿ ನಿಂತ ನೆಲವೂ ಬಲ ಕೂಡಿಸುತ್ತದೆ, ಕಳೆಯುತ್ತದೆ. ಮೂರು ಎದುರಾಳಿಗಳ ಜೊತೆ ಆಡದೆ ಅದರ ಬಗ್ಗೆ ಬರೆಯಬೇಡಿ.

ಬರೆಯುವಾಗ ‘ಗ್ರಾಫಿಕ್ಸ್ ಸೂಪರ್’ ಎಂದು ಕೈ ಹೊರಟರೆ ನಿಲ್ಲಿಸಿ, ಏನು ಕಂಡಿತು ಎಂದು ಬರೆಯುತ್ತೇನೆ: ಮರುಭೂಮಿಯ ಧೂಳುಗಾಳಿಯಲ್ಲಿ ಯಂತ್ರದ ಕಣ್ಣಿನ ಬೆಳಕು ಮೊದಲು, ಮೈ ಆಮೇಲೆ. ಬಟನ್, ಸೇವ್, ಬಾಸ್ ಇವನ್ನು ಹಾಗೇ ಬಿಡುತ್ತೇನೆ. ಬಿಲ್ಲು, ಹೆದೆ, ಭರ್ಜಿ, ಬಲೆ ಇವಕ್ಕೆ ಕನ್ನಡ ಇರುವಾಗ ಇಂಗ್ಲಿಷ್ ಯಾಕೆ? ವಿಮರ್ಶೆಯ ನೆತ್ತಿಯಲ್ಲಿ ಆಟದ ಆವೃತ್ತಿ ಸಂಖ್ಯೆ, ಡ್ರೈವರ್ ಸಂಖ್ಯೆ, ಅಳೆದ ತಾರೀಖು. ದೊಡ್ಡ ಅಪ್‌ಡೇಟ್ ಬಂದ ವಾರ ಚೈನ್‌ಸ್ಕ್ರೇಪ್‌ನ ಆ ಸೇವ್ ಮತ್ತೆ ತೆರೆದು, 60 ಸೆಕೆಂಡು ನಡೆದು, ಅಂಕಿ ಬದಲಾಗಿದ್ದರೆ ಹಳೆಯದರ ಪಕ್ಕದಲ್ಲೇ ಹೊಸದನ್ನು ಸೇರಿಸುತ್ತೇನೆ, ಹಳೆಯದನ್ನು ಅಳಿಸುವುದಿಲ್ಲ.