ರೆಡ್ ವೈನ್ ಫ್ರಿಜ್ಜಿನ ಒಳಗೆ, ಟ್ರಾಪಿಸ್ಟ್ ಬಿಯರ್ ಹೊರಗೆ

ರೆಡ್ ವೈನನ್ನು ಕುಡಿಯೋ ಮುಂಚೆ ಒಂದೂವರೆ-ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಬೆಲ್ಜಿಯಂನ ಟ್ರಾಪಿಸ್ಟ್ ಸನ್ಯಾಸಿಗಳ ಮಠದ ಬಿಯರನ್ನು (ಶಿಮೇ, ವೆಸ್ಟ್‌ಮಾಲೆ ಥರದ್ದು) ಹತ್ತು ನಿಮಿಷ ಮೊದಲೇ ಹೊರಗೆ ತೆಗೆದಿಡಿ. ರೆಡ್ ವೈನ್ ರೂಮ್ ಟೆಂಪರೇಚರಿನಲ್ಲೇ ಇರಬೇಕು ಅನ್ನೋದು ಯುರೋಪಿನ ತಣ್ಣನೆ ಮನೆಗಳ ಮಾತು, ಅಲ್ಲಿ ಅದರ ಅರ್ಥ 16-18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಬಳ್ಳಾರಿ, ರಾಯಚೂರಿನ ಕೋಣೆ 35 ದಾಟಿರುತ್ತೆ! ಆ ಶಾಖಕ್ಕೆ ಆಲ್ಕೋಹಾಲ್ ಮೂಗಿಗೆ ಹೊಡೆದು, ಕ್ಯಾಬರ್ನೆ ದ್ರಾಕ್ಷಿಯ ವೈನಿನ ಕಪ್ಪುಹಣ್ಣಿನ ಘಮ, ಶಿರಾಜ್‌ನ ಕರಿಮೆಣಸಿನ ಎಳೆ ಎರಡೂ ಮುಚ್ಚಿಹೋಗುತ್ತವೆ. ಬಿಯರಿನದು ಉಲ್ಟಾ. ಐಸಿನಷ್ಟು ತಣ್ಣಗಿದ್ದರೆ ಶಿಮೇ ಬ್ಲೂನ ಒಣದ್ರಾಕ್ಷಿ, ಸುಟ್ಟ ಸಕ್ಕರೆಯಂಥ ರುಚಿ, ವೆಸ್ಟ್‌ಮಾಲೆ ಟ್ರಿಪೆಲ್‌ನ ಹಣ್ಣಿನ ಪರಿಮಳ ಏಳೋದೇ ಇಲ್ಲ. 10-12 ಡಿಗ್ರಿಗೆ ಬಂದಾಗ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ನನಗಂತೂ ಅದೇ ಅದರ ಸೊಗಸು. (ಆಲ್ಕೋಹಾಲ್ ಶಿಮೇ ಬ್ಲೂನಲ್ಲಿ 9%, ಟ್ರಿಪೆಲ್‌ನಲ್ಲಿ 9.5%. ಮಾಮೂಲಿ ಬಿಯರಿನ ಸುಮಾರು ಎರಡರಷ್ಟು, ನಿಧಾನಕ್ಕೆ ಗುಟುಕರಿಸಿ.) ವೈನನ್ನು ಫ್ರಿಜ್ಜಿನಲ್ಲೇ ಮರೆತರೆ ಟ್ಯಾನಿನ್ (ದ್ರಾಕ್ಷಿ ಸಿಪ್ಪೆ, ಬೀಜದ ಒಗರಿನ ಅಂಶ) ಬಿಗಿದು ಬಾಯೆಲ್ಲ ಒಗರಾಗುತ್ತೆ, ಆಗ ಗ್ಲಾಸಿಗೆ ಹಾಕಿ ಹತ್ತು-ಹದಿನೈದು ನಿಮಿಷ ಕಾಯಿರಿ, ಸರಿಹೋಗುತ್ತೆ. ಆದರೆ ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನವೆಲ್ಲ ಬೆಂದ ವೈನ್ ಬಾಟಲಿಗೆ ಫ್ರಿಜ್ಜಿನ ಉಪಾಯ ನಡೆಯಲ್ಲ, ಅದರ ತಾಜಾ ಹಣ್ಣಿನ ರುಚಿ ಆಗಲೇ ಹೋಗಿರುತ್ತೆ. ಮೊದಲೇ ಹೊರಗೆ ತೆಗೆದಿಡೋದು ಮಾಮೂಲಿ ತೆಳು ಲಾಗರ್ ಬಿಯರಿಗೆ ಬೇಡ, ಅದು ಚಿಲ್ಲಾಗಿದ್ದರೇ ಚಂದ.