ಕೋಲೆಸಿಸ್ಟೆಕ್ಟಮಿಗೂ ಲೋಪಸಂಧಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಮುಗಿಸಿದವಳು ನಾನು. ಆಸ್ಪತ್ರೆ ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಕೇಸ್‌ಶೀಟ್ ಜೋರಾಗಿ ಓದಬೇಕಾಯಿತು. ‘ಚೋಲೆಸಿಸ್ಟೆಕ್ಟಮಿ’ ಅಂದೆ. ಪಕ್ಕದಲ್ಲಿದ್ದ ಚೇಚಿಗೆ (ಮಲಯಾಳಂನಲ್ಲಿ ಅಕ್ಕ) ನಗು. “ಕೊಲೆಸ್ಟ್ರಾಲ್‌ಗೆ ಚೊಲೆಸ್ಟ್ರಾಲ್ ಅಂತೀಯಾ?” ಎಂದು ಕೇಳಿದರು.

ಅಷ್ಟೇ ಸಾಕಾಯಿತು. ಗ್ರೀಕ್‌ನಿಂದ ಬಂದ ಪದದಲ್ಲಿ ಸಿ, ಎಚ್ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ‘ಕ’. ಕಾಲರಾ, ಬ್ರಾಂಕೈಟಿಸ್, ಎಲ್ಲ ಹಾಗೇ. ಪುಸ್ತಕದಲ್ಲಿ ಕೋಲೆ-ಸಿಸ್-ಟೆಕ್-ಟಮಿ ಎಂದು ಬರೆದುಕೊಂಡೆ. ನಾವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೇವೆ ಅಲ್ವಾ, ಇಲ್ಲಿ ‘ಟೆಕ್’ ಮೇಲೆ ಒತ್ತು ಬೀಳಬೇಕು.

ಬಿಡಿಸುವಾಗ ಬಾಲದಿಂದ ಶುರು ಮಾಡುತ್ತೇನೆ. ‘ಎಕ್ಟಮಿ’ ಅಂದರೆ ಕತ್ತರಿಸಿ ತೆಗೆಯುವುದು. ‘ಸಿಸ್ಟ್’ ಚೀಲ. ‘ಕೋಲೆ’ ಪಿತ್ತ. ನಮ್ಮ ‘ಪಿತ್ತಕೋಶ’ವೂ ಹಾಗೇ ಕಟ್ಟಿದ ಪದ! ಪೆರ್ಲದ ಕಡೆಯ ಒಬ್ಬರು ಅಜ್ಜಿಗೆ ಹೀಗೆ ಬಿಡಿಸಿ ಹೇಳಿದೆ. “ಇಷ್ಟಕ್ಕೆ ಅಷ್ಟು ಉದ್ದ ಬರೆದದ್ದು ಎಂತಕ್ಕೆ ಮಗಳೇ?” ಅಂದರು.

ನನಗೆ ಜಾಸ್ತಿ ಸಹಾಯ ಮಾಡಿದ್ದು ಶಾಲೆಯಲ್ಲಿ ಬೈಸಿಕೊಂಡು ಕಲಿತ ಸಂಧಿ. ಗ್ಯಾಸ್ಟ್ರೋ ಅಂದರೆ ಹೊಟ್ಟೆ. ಅದಕ್ಕೆ ಒಳಗೆ ನೋಡುವ ‘ಸ್ಕೋಪಿ’ ಸೇರಿದರೆ ಗ್ಯಾಸ್ಟ್ರೋಸ್ಕೋಪಿ, ‘ಓ’ ಉಳಿಯಿತು. ಉರಿಯೂತದ ‘ಐಟಿಸ್’ ಸೇರಿದರೆ ಗ್ಯಾಸ್ಟ್ರೈಟಿಸ್, ‘ಓ’ ಮಾಯ. ಮುಂದೆ ಸ್ವರ ಬಂತಲ್ಲ! ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ. ಆದರೆ ಎರಡು ಅಂಗಗಳ ಹೆಸರು ಜೊತೆಯಾದರೆ ಸ್ವರ ಬಂದರೂ ‘ಓ’ ಬಿಡುವುದಿಲ್ಲ. ಗ್ಯಾಸ್ಟ್ರೋಎಂಟರೈಟಿಸ್ ನೋಡಿ. ‘ಎಂಟರ್’ ಅಂದರೆ ಕರುಳು.

ಇದೇ ಸಂಧಿ ನನ್ನನ್ನು ಒಮ್ಮೆ ಬೀಳಿಸಿತು. ‘ಕೋಲೋ’ ಅಂದರೆ ದೊಡ್ಡ ಕರುಳು. ಅದಕ್ಕೆ ಎಕ್ಟಮಿ ಸೇರಿ ‘ಓ’ ಹೋದರೆ ಕೋಲೆಕ್ಟಮಿ. ನನ್ನ ಕನ್ನಡ ಪುಸ್ತಕದಲ್ಲಿ ಪಿತ್ತವೂ ‘ಕೋಲೆ’, ಕರುಳೂ ‘ಕೋಲೆ’! ಪಿತ್ತಕೋಶ ತೆಗೆಯುವುದು ಎಂದು ಓದಿಬಿಟ್ಟಿದ್ದೆ. ಪುಣ್ಯಕ್ಕೆ ಅದು ಚೇಚಿ ಕೊಟ್ಟ ಟೆಸ್ಟ್, ನಿಜವಾದ ಕೇಸ್‌ಶೀಟ್ ಅಲ್ಲ. ಕಿವಿಗೆ ಕನ್ನಡ ಅಕ್ಷರ ಒಳ್ಳೆಯದು, ಬೇರು ಹುಡುಕಲು ಇಂಗ್ಲಿಷ್ ಸ್ಪೆಲಿಂಗ್ ಬೇಕೇ ಬೇಕು. ಪಿತ್ತದ್ದರಲ್ಲಿ ಎಚ್ ಇದೆ, ಕರುಳಿನದ್ದರಲ್ಲಿ ಇಲ್ಲ. ಈಗ ಪ್ರತಿ ಪದದ ಕೆಳಗೆ ಸ್ಪೆಲಿಂಗ್ ಬರೆದು, ಆ ಎಚ್‌ಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ.