ಡಿಸ್ಕ್ ಸೋತಿದ್ದು ನನ್ನ ಕೇಬಲ್‌ನಿಂದ

ಹೋದ ವರ್ಷ ಮೈಸೂರಿನ ಮನೆಗೆ 55 ಇಂಚಿನ 4ಕೆ ಟಿವಿ ಬಂತು. "ಎಲ್ಲಾ ಆ್ಯಪಲ್ಲೇ ಸಿಗುತ್ತೆ, ಇನ್ನಾದ್ರೂ ಆ ಡಿಸ್ಕ್ ಡಬ್ಬ ಅಟ್ಟಕ್ಕೆ ಹಾಕಿ" ಅಂದಳು ಹೆಂಡತಿ. ಡಬ್ಬ ಅಂದ್ರೆ ನಮ್ಮ ಬ್ಲೂ-ರೇ ಪ್ಲೇಯರ್, ಡಿವಿಡಿ ಥರದ್ದೇ ಡಿಸ್ಕ್‌ನಿಂದ ಎಚ್‌ಡಿ ಸಿನಿಮಾ ತೋರಿಸೋದು. ಹಾಕೋ ಮುಂಚೆ ಒಂದು ಸಲ ನೋಡಿಬಿಡೋಣ ಅಂತ, ಒಂದೇ ಸಿನಿಮಾನ ಬ್ಲೂ-ರೇನಲ್ಲೂ ಸ್ಟ್ರೀಮಿಂಗ್‌ನಲ್ಲೂ ಹಾಕಿಕೊಂಡು ಕೂತೆ.

ಮೊದಲು ಲ್ಯಾಪ್‌ಟಾಪ್‌ನಿಂದ ಸ್ಟ್ರೀಮ್ ಮಾಡಿದ್ದೇ ತಪ್ಪು. ಆ ಬ್ರೌಸರ್‌ನಲ್ಲಿ 720ಪಿಗಿಂತ ಮೇಲೆ ಚಿತ್ರದ ಸ್ಪಷ್ಟತೆ ಹೋಗಲೇ ಇಲ್ಲ. ಅದು ಮೋಸದ ಪಂದ್ಯ ಅಲ್ವಾ? ಹಾಗಾಗಿ ಟಿವಿಯ ಆ್ಯಪ್‌ನಲ್ಲೇ 1080ಪಿ ಹಾಕಿದೆ. ಹಗಲಿನ ದೃಶ್ಯದಲ್ಲಿ ಸೋಫಾದಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ರಾತ್ರಿ ದೃಶ್ಯ ಬಂದಾಗ ಬಣ್ಣ ಬಯಲಾಯ್ತು. ಸ್ಟ್ರೀಮ್‌ನಲ್ಲಿ ದೀಪದ ಸುತ್ತ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿತು, ಹೊಗೆ ಚೌಕಚೌಕವಾಗಿ ಒಡೆಯಿತು. ಸ್ಟ್ರೀಮ್‌ಗೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್, ಅಂದ್ರೆ ಎರಡು ಗಂಟೆಯ ಸಿನಿಮಾಗೆ ನಾಲ್ಕೂವರೆ ಜಿಬಿ. ಬ್ಲೂ-ರೇನಲ್ಲಿ ಚಿತ್ರಕ್ಕೇ 40 ಮೆಗಾಬಿಟ್‌ವರೆಗೂ ಹೋಗಬಹುದು, ಎರಡು ಪದರದ ಡಿಸ್ಕ್‌ನಲ್ಲಿ 50 ಜಿಬಿ ಜಾಗ ಇರುತ್ತೆ. ಡೇಟಾ ಹಿಂಡುವಾಗ ಮೊದಲು ಏಟು ಬೀಳೋದು ಕತ್ತಲಿಗೇ. ಆದರೆ 15 ಮೆಗಾಬಿಟ್‌ನ ಒಳ್ಳೆ 4ಕೆ ಸ್ಟ್ರೀಮ್ ಹಾಕಿದಾಗ ನನ್ನ ಹಳೇ ಬ್ಲೂ-ರೇಗಳಲ್ಲಿ ಒಂದೆರಡು ಸಪ್ಪೆ ಅನಿಸಿದ್ದೂ ಉಂಟು.

ಸದ್ದಿನ ವಿಷಯದಲ್ಲಿ ನನಗೆ ಮುಖಭಂಗ. ಡಿಸ್ಕ್ ಗೆಲ್ಲುತ್ತೆ ಅಂತ ಜಂಬದಿಂದ ಮನೆಮಂದಿಯನ್ನೆಲ್ಲ ಕೂರಿಸಿದೆ, ಎರಡೂ ಒಂದೇ ಥರ ಕೇಳಿಸಿತು. ಎರಡು ವಾರ ಆದ್ಮೇಲೆ ಹೊಳೀತು: ಸೌಂಡ್‌ಬಾರ್‌ಗೆ ಹಾಕಿದ್ದು ಆಪ್ಟಿಕಲ್ ಕೇಬಲ್. ಡಿಸ್ಕ್‌ನಲ್ಲಿರೋ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ, ಅಂದ್ರೆ ಗುಣ ಕಳೆಯದ ಸದ್ದು, ಅದರಲ್ಲಿ ಹೋಗೋದೇ ಇಲ್ಲ, ಸರೌಂಡ್ ಸದ್ದು ಗುಣ ಕಳೆದು ಹಿಂಡಿದ ರೂಪದಲ್ಲಿ ಮಾತ್ರ ಹೋಗುತ್ತೆ. ಪ್ಲೇಯರ್‌ನಿಂದ ಸೌಂಡ್‌ಬಾರ್‌ಗೆ, ಅಲ್ಲಿಂದ ಟಿವಿಗೆ ಎಚ್‌ಡಿಎಂಐ ಎಳೆದೆ. ಪ್ಲೇಯರ್‌ನ ಮೆನುವಿನಲ್ಲಿ ಬಿಟ್‌ಸ್ಟ್ರೀಮ್ (ಡಿಸ್ಕ್‌ನ ಸದ್ದನ್ನ ಬಿಚ್ಚದೆ ಹಾಗೇ ಕಳಿಸೋದು) ಆರಿಸಿ, ಸೆಕೆಂಡರಿ ಆಡಿಯೋ (ಕಾಮೆಂಟರಿ ಥರದ ಹೆಚ್ಚುವರಿ ಸದ್ದು) ಸೇರಿಸೋ ಆಯ್ಕೆ ಆಫ್ ಮಾಡಿದೆ. ಅದು ಆನ್ ಇದ್ದರೂ ಕೆಲಸ ಕೆಡುತ್ತೆ. ಆಮೇಲೆ ಮಳೆ ಸುರಿಯೋ ದೃಶ್ಯದಲ್ಲೂ ಪಾತ್ರಗಳ ಮಾತು ಬಿಡಿಬಿಡಿಯಾಗಿ ಕೇಳಿಸಿತು, ವಾಲ್ಯೂಮ್ ಏರಿಸಬೇಕಾಗಲಿಲ್ಲ.

ಇನ್ನೊಂದು ಪೇಚು. ಅಕ್ಕ ನ್ಯೂಜೆರ್ಸಿಯಿಂದ ಮೂರು ಡಿಸ್ಕ್ ತಂದಿದ್ದಳು, ಒಂದು ಓಡಲೇ ಇಲ್ಲ. ಬ್ಲೂ-ರೇನಲ್ಲಿ ಜಗತ್ತನ್ನ ರೀಜನ್‌ಗಳಾಗಿ ಹಂಚಿದ್ದಾರೆ, ಒಂದು ರೀಜನ್‌ಗೆ ಬೀಗ ಹಾಕಿದ ಡಿಸ್ಕ್ ಬೇರೆ ರೀಜನ್‌ನ ಪ್ಲೇಯರ್‌ನಲ್ಲಿ ಓಡಲ್ಲ. ಅಮೆರಿಕ ಎ ರೀಜನ್, ನಮ್ಮದು ಸಿ. ಎಲ್ಲಾ ಡಿಸ್ಕ್‌ಗೂ ಈ ಬೀಗ ಇರಲ್ಲ, ಇದಕ್ಕಿತ್ತು. 4ಕೆ ಡಿಸ್ಕ್‌ಗಳಿಗೆ ರೀಜನ್ ಬೀಗವೇ ಇಲ್ಲ, ಆದರೆ ಅದಕ್ಕೆ ಬೇರೆ ಪ್ಲೇಯರ್ ಬೇಕು.

ಡಬ್ಬ ಈಗ ಟಿವಿ ಕೆಳಗೇ ಇದೆ. ಕನ್ನಡ ಸಿನಿಮಾಗೆ ಮಾತ್ರ ಅದು ಅಷ್ಟೇನೂ ಉಪಯೋಗಕ್ಕೆ ಬರಲ್ಲ, ನಮ್ಮವು ಬ್ಲೂ-ರೇ ಆಗಿ ಬರೋದೇ ಅಪರೂಪ. ಇರೋದು ಹಳೇ ವಿಸಿಡಿಗಳು, 352×288 ಚುಕ್ಕಿ. ಇಷ್ಟು ದೊಡ್ಡ ಪರದೆಯಲ್ಲಿ ಮುಖಗಳೆಲ್ಲ ರವೆ ಚೆಲ್ಲಿದ ಹಾಗೆ. ಹೋದ ತಿಂಗಳು ಅರ್ಧ ನೋಡಿಟ್ಟಿದ್ದ ಒಂದು ಕನ್ನಡ ಸಿನಿಮಾ ಆ್ಯಪ್‌ನಿಂದಲೇ ಮಾಯವಾಯ್ತು. "ನಿಮ್ಮ ಡಬ್ಬದಲ್ಲಿ ಇದೆಯಾ ನೋಡಿ" ಅಂದಳು ಹೆಂಡತಿ. ಇರಲಿಲ್ಲ.